ಹಂದಿಗೋಡು ಬೇನೆಯೂ ಕೊಲಾಜನ್ ಶೋಧದ ಚರಿತ್ರೆಯೂ

೧

ಒಂದು ಸೀಮೆಯ ಚರಿತ್ರೆಯನ್ನು ಬರೆಯುವವರು ಅಲ್ಲಿ ಆಳಿದ ಮನೆತನಗಳನ್ನೂ ಕೊಟ್ಟ ದಾನದತ್ತಿಗಳನ್ನೂ ಕಟ್ಟಿಸಿದ ದೇವಾಲಯಗಳನ್ನೂ ವಿವರಿಸುವುದು ವಾಡಿಕೆ. ಅಲ್ಲಿಯ ಜನ ಯಾವ ಬೇನೆಯಿಂದ ನರಳಿದರು, ಆ ಬೇನೆಯನ್ನು ಯಾರು ಯಾವಾಗ ಏನೆಂದು ಅರಿತರು ಎಂಬ ವಿಚಾರಕ್ಕೆ ನಮ್ಮ ಗ್ರಂಥಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ರೋಗವು ವೈದ್ಯರ ವಿಷಯ, ಚರಿತ್ರಕಾರನಿಗೆ ಅದರಲ್ಲಿ ಕೆಲಸವಿಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ರೋಗದ ಅರಿವಿಗೂ ಒಂದು ಚರಿತ್ರೆಯುಂಟು. ಅದರಲ್ಲಿ ಊಹೆಗಳು ಹುಟ್ಟುತ್ತವೆ, ಬೆಳೆಯುತ್ತವೆ, ಬಿದ್ದುಹೋಗುತ್ತವೆ. ಪ್ರತಿಯೊಂದು ಊಹೆಯೂ ರೋಗಿಯ ಬಾಳಿನ ಮೇಲೆ ತನ್ನ ಗುರುತನ್ನು ಬಿಟ್ಟುಹೋಗುತ್ತದೆ.

ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಅಂಥ ಒಂದು ಬೇನೆಯ ವೃತ್ತಾಂತವನ್ನು. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಎಂಬ ಗ್ರಾಮದಿಂದ ಅದಕ್ಕೆ ಹೆಸರು ಬಂದಿದೆ. ಆದರೆ ಅದು ಆ ಒಂದು ಗ್ರಾಮದ್ದಲ್ಲ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲಿ ಕಂಡುಬಂದಂತೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿಯೂ ಅದು ಕಂಡುಬಂದಿದೆ. ಸೊಂಟದ ಕೀಲನ್ನೂ ಬೆನ್ನುಮೂಳೆಯನ್ನೂ ಮುಖ್ಯವಾಗಿ ಕೆಡಿಸುವ ಈ ಬೇನೆಯನ್ನು ವಿದ್ವಾಂಸರು ಮೊದಲು ಆಹಾರದಲ್ಲಿ ಸೇರಿದ ವಿಷದ ಫಲವೆಂದು ಶಂಕಿಸಿದರು. ಅನಂತರ ವಂಶಪಾರಂಪರ್ಯವಾಗಿ ಬರುವುದೆಂದು ತಿಳಿದರು. ಈ ಎರಡು ತಿಳಿವಳಿಕೆಗಳ ನಡುವೆ ಸುಮಾರು ಇಪ್ಪತ್ತು ವರ್ಷಗಳ ಅಂತರವಿದೆ.

ಇದೇ ಅವಧಿಯಲ್ಲಿ, ಇದಕ್ಕೆ ಸ್ವಲ್ಪ ಮುಂಚಿನಿಂದ ಮೊದಲಾಗಿ, ಲೋಕದ ಪ್ರಯೋಗಶಾಲೆಗಳಲ್ಲಿ ಇನ್ನೊಂದು ಶೋಧ ನಡೆಯುತ್ತಿದ್ದಿತು. ಧಮನಿಯ ಗೋಡೆ, ಚರ್ಮ, ಸ್ನಾಯುರಜ್ಜು, ಮೂಳೆ, ಎಳೆಮೂಳೆ ಇವೆಲ್ಲಕ್ಕೂ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಸ್ವರೂಪವನ್ನು ಕುರಿತ ಶೋಧ ಅದು. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಮಲೆನಾಡಿನ ಬೇನೆಯ ವಿಚಾರದಲ್ಲಿ ವಿಷದ ಊಹೆ ಏಕೆ ಮೊದಲು ಬಂದಿತು, ಏಕೆ ಅದು ಕೊನೆಯ ಮಾತಾಗಲಿಲ್ಲ ಎಂಬುದು ಸ್ಪಷ್ಟವಾಗುತ್ತದೆಂದು ನಾವು ಭಾವಿಸುತ್ತೇವೆ. ಹಂದಿಗೋಡು ಬೇನೆಗೆ ಕೊಲಾಜನ್ನಿನ ದೋಷವೇ ಕಾರಣವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕೊಲಾಜನ್ನಿನ ಅರಿವು ಇಂಥ ಬೇನೆಗಳನ್ನು ನೋಡುವ ಕಣ್ಣನ್ನೇ ಹೇಗೆ ಬದಲಿಸಿತು ಎಂಬುದಷ್ಟೇ ನಮ್ಮ ವಿಷಯ.

೨

ಮೊದಲು ಸೀಮೆಯನ್ನು ಕುರಿತು ಕೆಲವು ಮಾತುಗಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತುಂಗೆ ಭದ್ರೆಯರ ಮೇಲ್ದಂಡೆಯ ಮಲೆನಾಡಿಗೆ ಸೇರಿದುವು. ಶೃಂಗೇರಿಯು ತುಂಗಾತೀರದ ಕ್ಷೇತ್ರ. ಅಲ್ಲಿಯ ಮಠದಿಂದಾಗಿ ದೇಶದಲ್ಲೆಲ್ಲ ಪ್ರಸಿದ್ಧವಾದುದು. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ೧೯೧೫ರಲ್ಲಿ ಈಗಿನ ಹೆಸರು ಬಂದಿತು. ಗುಡ್ಡದ ಮಗ್ಗುಲಲ್ಲಿ ಅಡಕೆಯ ತೋಟ, ಅದರ ಕೆಳಗಿನ ತಗ್ಗಿನಲ್ಲಿ ಭತ್ತದ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ, ಇದು ಇಲ್ಲಿಯ ಬೇಸಾಯದ ರಚನೆ. ಮನೆಗಳು ಬಯಲುಸೀಮೆಯ ಊರುಗಳಂತೆ ಗುಂಪಾಗಿಲ್ಲ. ಒಂದೊಂದು ಕಣಿವೆಗೆ ಒಂದೆರಡು ಮನೆ; ಕೂಲಿಯವರ ಕೇರಿ ಅದಕ್ಕೂ ದೂರ.

ಇಂಥ ಸೀಮೆಯಲ್ಲಿ ಒಂದು ಬೇನೆ ಬಹುಕಾಲ ಯಾರ ಲೆಕ್ಕಕ್ಕೂ ಸಿಕ್ಕದೆ ಇರುವುದು ಆಶ್ಚರ್ಯವಲ್ಲ. ಒಂದು ಕೇರಿಯಲ್ಲಿ ಇಬ್ಬರು, ಗುಡ್ಡದಾಚೆಯ ಇನ್ನೊಂದು ಕೇರಿಯಲ್ಲಿ ಮೂವರು ಕುಂಟುತ್ತಿದ್ದರೆ ಅವರನ್ನು ಕೂಡಿಸಿ ಎಣಿಸುವ ಕಣ್ಣು ಬೇಕಾಗುತ್ತದೆ. ಅಲ್ಲದೆ ಮಲೆನಾಡೆಂದರೆ ಚಳಿಜ್ವರವೆಂಬ ಕಾಲ ಬಹು ದೀರ್ಘವಾಗಿದ್ದಿತು. ಮಲೇರಿಯಾದಿಂದ ಮನೆಮನೆಗಳೇ ಹಾಳುಬೀಳುತ್ತಿದ್ದಾಗ ಸಾಯದೆ ಕುಂಟುವವನ ಕಡೆಗೆ ಯಾರ ಗಮನವೂ ಹೋಗುವಂತಿರಲಿಲ್ಲ. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಸಿಂಪಡಿಕೆ ವ್ಯಾಪಿಸಿದ ಮೇಲೆ ಆ ಜ್ವರದ ಹಾವಳಿ ತಗ್ಗಿತು. ಅದರ ಮರೆಯಲ್ಲಿದ್ದ ಇತರ ಬೇನೆಗಳು ಕಣ್ಣಿಗೆ ಬೀಳುವ ಕಾಲ ಬಂದಿತು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಉಣ್ಣೆಗಳ ಮೂಲಕ ಹರಡುವ ಹೊಸ ವೈರಸ್ಸೊಂದನ್ನು ಗುರುತಿಸಿದರು. ಮಂಗನ ಕಾಯಿಲೆಯೆಂದು ಜನ ಕರೆಯುವ ಆ ರೋಗದಿಂದ ಮಲೆನಾಡು ವೈದ್ಯಲೋಕದ ಭೂಪಟವನ್ನು ಸೇರಿತು. ಈ ಕಾಡಿನಲ್ಲಿ ಅಜ್ಞಾತವಾದ ಬೇನೆ ಇರಬಲ್ಲುದು, ಅದರ ಮೂಲವನ್ನು ಹೊರಗಿನ ಪರಿಸರದಲ್ಲಿ ಹುಡುಕಬೇಕು ಎಂಬ ಎರಡು ನಂಬಿಕೆಗಳು ಆ ಅನುಭವದಿಂದ ಬಲಗೊಂಡುವು.

೩

ಕೀಲುಬೇನೆಯ ಸುದ್ದಿ ಹೊರಜಗತ್ತಿಗೆ ಮುಟ್ಟಿದುದು ೧೯೭೪-೭೫ರ ಸುಮಾರಿಗೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ರಮೇಶ್ ಭಟ್ ಮತ್ತು ಕೃಷ್ಣಮಾಚಾರಿ ಅವರು ಪರಿಶೀಲನೆ ನಡೆಸಿ ೧೯೭೭ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೇನೆಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ’ ಎಂದು ಹೇಳಬಹುದು. ಚರಿತ್ರೆಯ ವಿದ್ಯಾರ್ಥಿಗೆ ಈ ಹೆಸರೇ ಮೊದಲನೆಯ ದಾಖಲೆ. ಅದರಲ್ಲಿ ಎರಡು ದಿಕ್ಕುಗಳಿವೆ. ‘ಸ್ಥಳೀಯ’ ಎಂಬ ಪದ ನೆಲ, ನೀರು, ಆಹಾರಗಳ ಕಡೆಗೆ ಬೆರಳು ತೋರಿಸುತ್ತದೆ. ‘ಕೌಟುಂಬಿಕ’ ಎಂಬುದು ರಕ್ತಸಂಬಂಧದ ಕಡೆಗೆ. ಬೇನೆಯು ಕುಟುಂಬಗಳಲ್ಲಿ ಗುಂಪುಗೂಡಿರುವುದನ್ನು ಮೊದಲ ಪರಿಶೀಲಕರೇ ಕಂಡಿದ್ದರು. ಆದರೆ ಒಂದೇ ಕುಟುಂಬದವರು ರಕ್ತವನ್ನು ಹಂಚಿಕೊಳ್ಳುವಂತೆ ಒಂದೇ ಮಡಕೆಯ ಅನ್ನವನ್ನೂ ಹಂಚಿಕೊಳ್ಳುತ್ತಾರೆ. ಕೌಟುಂಬಿಕವೆಂದ ಮಾತ್ರಕ್ಕೆ ಆನುವಂಶಿಕವೆಂದು ಸಿದ್ಧವಾಗುವುದಿಲ್ಲ.

ಬೇನೆಗೆ ಗುರಿಯಾದವರು ಬಹುಮಟ್ಟಿಗೆ ಚಲವಾದಿ, ಚನ್ನಂಗಿ ಎಂಬ ಪರಿಶಿಷ್ಟ ಸಮುದಾಯಗಳವರು; ಇತರರ ಗದ್ದೆ ತೋಟಗಳಲ್ಲಿ ಕೂಲಿ ಮಾಡಿ ಬದುಕುವವರು. ಸೊಂಟದಲ್ಲಿಯೂ ಮೊಣಕಾಲಿನಲ್ಲಿಯೂ ನೋವು ತೊಡಗಿ, ವರ್ಷಗಳು ಕಳೆದಂತೆ ಕುಳಿತವರು ಏಳಲಾರದೆ, ನಡೆಯುವವರು ಕೋಲೂರಬೇಕಾಗಿ, ತೀವ್ರವಾದಾಗ ತೆವಳುವ ಸ್ಥಿತಿ ಬರುತ್ತಿದ್ದಿತು. ಕೆಲವರು ಹುಟ್ಟಿದಂದಿನಿಂದಲೇ ಎತ್ತರ ಬೆಳೆಯದೆ ಗಿಡ್ಡರಾಗಿ ಉಳಿಯುತ್ತಿದ್ದರು. ನಟ್ಟಿಯ ಕಾಲದಲ್ಲಿ ದಿನವೆಲ್ಲ ಕೆಸರಿನಲ್ಲಿ ನಿಂತು ಬಗ್ಗಿ ದುಡಿಯಬೇಕಾದವರಿಗೆ ಸೊಂಟದ ಕೀಲು ಎಂಥದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕೀಲಿನ ಮೇಲೆ ಅವರ ಅನ್ನ ನಿಂತಿದ್ದಿತೋ ಅದೇ ಕೀಲನ್ನು ಬೇನೆ ಹಿಡಿಯಿತು.

ಕಾರಣವನ್ನು ಹುಡುಕುವಾಗ ಗಮನ ಸೆಳೆದುದು ಈ ಜನರ ಆಹಾರ. ಮಳೆಗಾಲದಲ್ಲಿ ಗದ್ದೆಯಂಚಿನ ಏಡಿ, ತೋಡುಗಳಲ್ಲಿ ಏರಿ ಬರುವ ಹತ್ತುಮೀನು, ನೀರು ಬೀಳುವಲ್ಲಿ ಒಡ್ಡಿದ ಕೂಣಿಯಲ್ಲಿ ಸಿಕ್ಕಿದ ಮೀನು ಇವೇ ಬಡವರ ಊಟಕ್ಕೆ ಪುಷ್ಟಿ ಕೊಡುವ ಪದಾರ್ಥಗಳು. ೧೯೬೦ರ ದಶಕದ ಕೊನೆಯಿಂದ ಅಧಿಕ ಇಳುವರಿಯ ಭತ್ತದ ತಳಿಗಳ ಜೊತೆಗೆ ಎಂಡ್ರಿನ್, ಪ್ಯಾರಾಥಿಯಾನ್ ಮೊದಲಾದ ಕೀಟನಾಶಕಗಳು ಗದ್ದೆಗೆ ಇಳಿದುವು. ವಿಷ ಸಿಂಪಡಿಸಿದ ಗದ್ದೆಯ ಏಡಿ ಮೀನುಗಳನ್ನು ತಿಂದುದರಿಂದಲೇ ಈ ಬೇನೆ ಬಂದಿತೆಂಬ ವಾದ ಹುಟ್ಟಿತು. ಪರಿಸರವನ್ನು ಕುರಿತ ಬರಹಗಳಲ್ಲಿ ಈ ವಾದ ಮುಂದೆ ಬಹುಕಾಲ ಉದಾಹರಣೆಯಾಗಿ ಉಳಿಯಿತು.

ಈಗ ಹಿಂದಿರುಗಿ ನೋಡುವವರು ಈ ಊಹೆಯನ್ನು ಹಗುರವಾಗಿ ತಳ್ಳಿಹಾಕುವುದು ಸುಲಭ. ಅದು ನ್ಯಾಯವಲ್ಲ. ಪರಿಶೀಲಕರ ಹಿಂದಿನ ಅನುಭವವನ್ನು ನೋಡಬೇಕು. ೧೯೭೩ರಲ್ಲಿ ಕೃಷ್ಣಮಾಚಾರಿಯವರೂ ಅವರ ಸಹೋದ್ಯೋಗಿಯೂ ಕುಡಿಯುವ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವ ಪ್ರದೇಶದಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ಮೂಳೆಯ ವಿಕಾರವನ್ನು ವರ್ಣಿಸಿದ್ದರು. ೧೯೭೪ರಲ್ಲಿ ರಾಜಸ್ಥಾನದ ಬಾಂಸವಾಡ, ಗುಜರಾತಿನ ಪಂಚಮಹಲು ಜಿಲ್ಲೆಗಳ ಹಳ್ಳಿಗಳಲ್ಲಿ ಕಾಮಾಲೆಯಂತಹ ರೋಗದಿಂದ ನೂರಕ್ಕೂ ಹೆಚ್ಚು ಮಂದಿ ಸತ್ತಾಗ, ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಬೆಳೆದ ಅಫ್ಲಟಾಕ್ಸಿನ್ ವಿಷವೇ ಅದಕ್ಕೆ ಕಾರಣವೆಂದು ತೋರಿಸಿದವರಲ್ಲಿ ಭಟ್ ಮತ್ತು ಕೃಷ್ಣಮಾಚಾರಿ ಇಬ್ಬರೂ ಇದ್ದರು. ಒಂದು ಕಡೆ ನೀರು, ಇನ್ನೊಂದು ಕಡೆ ಕಾಳು. ಎರಡು ಕಡೆಯೂ ಬಡವರ ಬಾಯಿಗೆ ಬಿದ್ದ ವಿಷ. ಆ ಎರಡು ಶೋಧಗಳ ಬೆನ್ನಲ್ಲೇ ಮಲೆನಾಡಿಗೆ ಬಂದವರು ಮೊದಲು ಅನ್ನದ ತಟ್ಟೆಯನ್ನು ನೋಡಿದುದು ಸಹಜವಾದ ನಡೆ.

೪

ಆಹಾರದ ವಿಷವೊಂದು ಮನುಷ್ಯನ ಕೀಲುಮೂಳೆಗಳ ಆಕಾರವನ್ನೇ ಕೆಡಿಸಬಲ್ಲುದೇ? ಈ ಪ್ರಶ್ನೆಗೆ ಉತ್ತರ ಹೇಳಲು ಕೊಲಾಜನ್ನಿನ ಕಡೆಗೆ ತಿರುಗಬೇಕು. ಅದರ ವರ್ತನೆ ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿದುಬರುವ ಧಮನಿಯ ಗೋಡೆಯಿಂದ ಆರಂಭಿಸಬೇಕು.

ಕೊಲಾಜನ್ ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಅಂಟನ್ನು ಹುಟ್ಟಿಸುವುದು ಎಂದರ್ಥ. ಪ್ರಾಣಿಗಳ ಚರ್ಮವನ್ನೂ ಮೂಳೆಯನ್ನೂ ಕುದಿಸಿ ಬಡಗಿಗಳು ತೆಗೆಯುತ್ತಿದ್ದ ಅಂಟು ಇದರಿಂದಲೇ ಆದುದು. ನಮ್ಮ ದೇಹದ ಪ್ರೋಟೀನುಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿರುವುದು ಇದೇ. ಇದರ ರಚನೆಯನ್ನು ತಿಳಿದ ಕೀರ್ತಿಯಲ್ಲಿ ದಕ್ಷಿಣ ಭಾರತಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ಕಲಿತ ಜಿ. ಎನ್. ರಾಮಚಂದ್ರನ್ ಅವರು ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ ಹೋದರು. ಅಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೂಡಿ, ಕಾಂಗರೂವಿನ ಬಾಲದ ಸ್ನಾಯುರಜ್ಜುವನ್ನು ಕ್ಷಕಿರಣಗಳಿಂದ ಪರೀಕ್ಷಿಸಿ, ಕೊಲಾಜನ್ ಮೂರು ಎಳೆಗಳ ಹುರಿ ಎಂದು ೧೯೫೪ರಲ್ಲಿಯೂ ಮುಂದಿನ ವರ್ಷ ತಿದ್ದಿದ ರೂಪದಲ್ಲಿಯೂ ಪ್ರತಿಪಾದಿಸಿದರು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲ ಇರಲೇಬೇಕು. ಅದಕ್ಕಿಂತ ದೊಡ್ಡದು ಅಲ್ಲಿ ಬಂದರೆ ಮೂರೆಳೆಗಳು ಒತ್ತಾಗಿ ಹೊಸೆದುಕೊಳ್ಳಲಾರವು. ಹಗ್ಗ ಹೊಸೆಯುವಾಗ ಎಳೆಯ ನಡುವೆ ಕಡ್ಡಿ ಸಿಕ್ಕಿದರೆ ಹುರಿ ಅಲ್ಲಿ ಸಡಿಲವಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿಗೆ ಮರಳಿ ೧೯೭೧ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು.

ಈ ಹುರಿ ಧಮನಿಯ ಗೋಡೆಯಲ್ಲಿ ಮಾಡುವ ಕೆಲಸವನ್ನು ತೋರಿಸಿಕೊಟ್ಟವರು ಕೆನಡಾ ದೇಶದ ಮಾರ್ಗಟ್ ರೋಚ್ ಮತ್ತು ಆಲನ್ ಬರ್ಟನ್. ಗೋಡೆಯಲ್ಲಿ ಕೊಲಾಜನ್ನಿನ ಜೊತೆಗೆ ಎಲಾಸ್ಟಿನ್ ಎಂಬ ಇನ್ನೊಂದು ನಾರು ಇದೆ. ೧೯೫೭ರಲ್ಲಿ ಅವರು ಮನುಷ್ಯರ ಧಮನಿಯ ತುಂಡುಗಳಿಂದ ಒಮ್ಮೆ ಎಲಾಸ್ಟಿನ್ನನ್ನೂ ಒಮ್ಮೆ ಕೊಲಾಜನ್ನನ್ನೂ ರಾಸಾಯನಿಕವಾಗಿ ಕರಗಿಸಿ ತೆಗೆದು, ಉಳಿದ ಗೋಡೆ ಹೇಗೆ ಹಿಗ್ಗುತ್ತದೆಂದು ಅಳೆದರು. ಒತ್ತಡ ಕಡಿಮೆಯಿರುವಾಗ ಗೋಡೆಯನ್ನು ಹಿಗ್ಗಿಸಿ ಕುಗ್ಗಿಸುವುದು ಎಲಾಸ್ಟಿನ್. ಒತ್ತಡ ಏರಿದಂತೆ ಬಿಗಿದು ನಿಂತು ಗೋಡೆ ಹರಿಯದಂತೆ ಕಾಯುವುದು ಕೊಲಾಜನ್. ಸಡಿಲವಾಗಿ ಬಿದ್ದ ಹಗ್ಗ ಮೊದಲು ಸುಮ್ಮನಿದ್ದು, ಎಳೆತ ಹೆಚ್ಚಿದಾಗ ಬಿಗಿಯುವಂತೆ. ಆರೋಗ್ಯವಂತನ ಧಮನಿಯಲ್ಲಿ ಇವೆರಡೂ ಹದದಲ್ಲಿರುತ್ತವೆ. ವಯಸ್ಸಾದಂತೆ ಎಲಾಸ್ಟಿನ್ ಒಡೆದು, ಭಾರ ಕೊಲಾಜನ್ನಿನ ಮೇಲೆ ಬಿದ್ದು, ಧಮನಿ ಪೆಡಸಾಗುತ್ತದೆ. ಧಮನಿಯೊಳಗೆ ಕೊಬ್ಬಿನ ಗಡ್ಡೆ ಕಟ್ಟಿದಾಗ ಅದರ ಮೇಲೆ ಮುಚ್ಚಳದಂತೆ ನಿಲ್ಲುವುದೂ ಕೊಲಾಜನ್ನಿನ ಪದರವೇ. ಉರಿಯೂತದ ಕಣಗಳು ಹೊರಬಿಡುವ ಕಿಣ್ವಗಳು ಆ ಪದರವನ್ನು ಕರಗಿಸಿ ತೆಳುವಾಗಿಸಿದರೆ ಅದು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗಬಹುದು. ಹೀಗೆ ಒಂದೇ ಪದಾರ್ಥ ಹೆಚ್ಚಾದರೆ ನಾಳ ಬಿರುಸಾಗುತ್ತದೆ, ಕಡಿಮೆಯಾದರೆ ಒಡೆಯುತ್ತದೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ೧೯೫೨ರಲ್ಲಿ ಅಮೆರಿಕದ ಪೊನ್ಸೆಟಿ ಮತ್ತು ಬೇರ್ಡ್ ಎಂಬವರು ಇಲಿಗಳಿಗೆ ಸಿಹಿಬಟಾಣಿ ಎಂಬ ಹೂಬಳ್ಳಿಯ ಬೀಜಗಳನ್ನು ತಿನ್ನಿಸಿದರು. ಇಲಿಗಳ ಬೆನ್ನುಮೂಳೆ ಡೊಂಕಾಯಿತು. ಅಷ್ಟೇ ಅಲ್ಲ, ಮಹಾಧಮನಿಯ ಗೋಡೆ ಸೀಳಿಹೋಯಿತು. ಬೆನ್ನಿಗೂ ಧಮನಿಗೂ ಏನು ಸಂಬಂಧ? ಬೀಜದಲ್ಲಿದ್ದ ವಿಷವು ಕೊಲಾಜನ್ ಮತ್ತು ಎಲಾಸ್ಟಿನ್ ನಾರುಗಳನ್ನು ಅಡ್ಡಡ್ಡಲಾಗಿ ಬೆಸೆಯುವ ಕಿಣ್ವವನ್ನು ತಡೆಯುತ್ತದೆಂದು ಮುಂದಿನ ವರ್ಷಗಳಲ್ಲಿ ತಿಳಿದುಬಂದಿತು. ಬೆಸುಗೆ ತಪ್ಪಿದ ನಾರು ಮೂಳೆಯಲ್ಲಿಯೂ ನಿಲ್ಲದು, ಧಮನಿಯಲ್ಲಿಯೂ ನಿಲ್ಲದು. ನಮ್ಮಲ್ಲಿ ಕೇಸರಿ ಬೇಳೆಯಿಂದ ಬರುವ ಕಾಲುಬೇನೆ ಇದೇ ಜಾತಿಯ ಸಸ್ಯದಿಂದ ಬರುವುದಾದರೂ ಅದು ನರಗಳ ರೋಗ. ಅದನ್ನು ಇದರೊಡನೆ ಬೆರೆಸಬಾರದು.

ಆದಕಾರಣ ೧೯೭೫ರಲ್ಲಿ ಆಹಾರದ ವಿಷ ಮೂಳೆಯನ್ನು ಕೆಡಿಸಬಲ್ಲುದೆಂದು ಊಹಿಸಿದವರು ಶಾಸ್ತ್ರಕ್ಕೆ ಹೊರಗಾದ ಮಾತನ್ನು ಆಡುತ್ತಿರಲಿಲ್ಲ. ಆದರೆ ಅದೇ ಪ್ರಯೋಗದಲ್ಲಿ ಆ ಊಹೆಗೆ ಒಂದು ಎಚ್ಚರಿಕೆಯೂ ಅಡಗಿತ್ತು. ನಾರನ್ನು ಎಲ್ಲೆಡೆ ಹೊಡೆಯುವ ವಿಷ ಕೀಲನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ, ಧಮನಿಯನ್ನೂ ಬಿಡುವುದಿಲ್ಲ. ಮಲೆನಾಡಿನ ರೋಗಿಗಳಲ್ಲಿ ವರ್ಣಿತವಾದುದು ಕೀಲುಮೂಳೆಗಳ ವಿಕಾರ. ಅದರಲ್ಲಿಯೂ ಎಳೆಮೂಳೆ ಬೆಳೆದು ಮೂಳೆಯಾಗುವ ತುದಿಗಳ ವಿಕಾರ. ಇಷ್ಟು ನಿಷ್ಕೃಷ್ಟವಾದ ಆಯ್ಕೆಗೆ ವಿಷಕ್ಕಿಂತ ಬೇರೆ ಬಗೆಯ ಕಾರಣವನ್ನು ಹುಡುಕಬೇಕಾಗಿದ್ದಿತು.

೫

ಆ ಬಗೆಯ ಕಾರಣ ಇರಬಲ್ಲುದೆಂಬ ಅರಿವು ಅದೇ ವರ್ಷಗಳಲ್ಲಿ ರೂಪುಗೊಳ್ಳುತ್ತಿದ್ದಿತು. ಸಂಯೋಜಕ ಅಂಗಾಂಶದ ದೋಷಗಳು ವಂಶದಲ್ಲಿ ಹರಿದುಬರಬಹುದೆಂಬ ವಿಚಾರವನ್ನು ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ೧೯೫೬ರಲ್ಲಿಯೇ ಒಂದು ಗ್ರಂಥವಾಗಿ ಬರೆದಿದ್ದರು. ಆಗ ಕೊಲಾಜನ್ ಒಂದೇ ಎಂದು ಎಣಿಕೆಯಿದ್ದಿತು. ೧೯೬೯ರಲ್ಲಿ ಮಿಲ್ಲರ್ ಮತ್ತು ಮಾಟುಕಾಸ್ ಕೋಳಿಮರಿಯ ಎಳೆಮೂಳೆಯಲ್ಲಿರುವ ಕೊಲಾಜನ್ ಚರ್ಮದ ಕೊಲಾಜನ್ನಿಗಿಂತ ಬೇರೆಯೆಂದು ತೋರಿಸಿದರು. ಅದಕ್ಕೆ ಎರಡನೆಯ ಬಗೆಯೆಂದು ಹೆಸರಾಯಿತು. ಚರ್ಮ, ಮೂಳೆ, ರಜ್ಜುಗಳಲ್ಲಿ ಪ್ರಧಾನವಾದುದು ಮೊದಲನೆಯ ಬಗೆ. ಧಮನಿಯ ಗೋಡೆಯಲ್ಲಿ ಅದರ ಜೊತೆಗೆ ಮೂರನೆಯ ಬಗೆ ಹೇರಳವಾಗಿದೆ. ಈಗ ಇಪ್ಪತ್ತೆಂಟು ಬಗೆಗಳನ್ನು ಎಣಿಸುತ್ತಾರೆ.

೧೯೭೫ರಲ್ಲಿ ಪೋಪ್ ಮತ್ತು ಅವರ ಸಹೋದ್ಯೋಗಿಗಳು, ಮೆಕ್ಯೂಸಿಕ್ ಅವರೂ ಸೇರಿದಂತೆ, ಧಮನಿಗಳು ತಾವಾಗಿಯೇ ಒಡೆದು ಎಳೆಯ ವಯಸ್ಸಿನಲ್ಲಿಯೇ ಸಾವು ತರುವ ಒಂದು ವಂಶರೋಗದಲ್ಲಿ ಮೂರನೆಯ ಬಗೆಯ ಕೊಲಾಜನ್ನಿನ ಕೊರತೆಯನ್ನು ಕಂಡರು. ಮಲೆನಾಡಿನಲ್ಲಿ ಏಡಿ ಮೀನುಗಳ ಕಡೆಗೆ ಶಂಕೆ ತಿರುಗಿದ್ದ ವರ್ಷಗಳಲ್ಲಿಯೇ ಸಾವಿರಾರು ಮೈಲಿ ದೂರದಲ್ಲಿ ಈ ಸಂಗತಿ ಪ್ರಕಟವಾಯಿತು ಎಂಬುದು ಗಮನಾರ್ಹ. ಒಂದು ಬಗೆಯ ನಾರು ಕೆಟ್ಟರೆ ಆ ನಾರು ಎಲ್ಲಿ ಪ್ರಧಾನವೋ ಅಲ್ಲಿ ಮಾತ್ರ ರೋಗ. ಉಳಿದ ದೇಹ ಬಹುಮಟ್ಟಿಗೆ ಕ್ಷೇಮ. ಧಮನಿಯ ವಿಚಾರದಲ್ಲಿ ಹೀಗಾದರೆ ಎಳೆಮೂಳೆಯ ವಿಚಾರದಲ್ಲಿಯೂ ಹೀಗೇಕಾಗಬಾರದು? ೧೯೮೯ರಲ್ಲಿ ಈ ಪ್ರಶ್ನೆಗೆ ಉತ್ತರ ಬಂದಿತು. ಬೆನ್ನೆಲುಬೂ ಉದ್ದಮೂಳೆಗಳ ತುದಿಗಳೂ ಸರಿಯಾಗಿ ಬೆಳೆಯದೆ ಮನುಷ್ಯ ಗಿಡ್ಡನಾಗುವ ಒಂದು ವಂಶರೋಗದ ಕುಟುಂಬದಲ್ಲಿ, ಎರಡನೆಯ ಬಗೆಯ ಕೊಲಾಜನ್ನಿನ ಜೀನಿನ ದೋಷವನ್ನು ಅಮೆರಿಕದ ಸಂಶೋಧಕರು ಗುರುತಿಸಿದರು.

ಮಲೆನಾಡಿನ ಬೇನೆಯ ಪುನರ್ವಿಮರ್ಶೆ ಈ ಹೊಸ ಬೆಳಕಿನ ಕಾಲಕ್ಕೆ ಸೇರಿದುದು. ಲಖ್ನೋವಿನ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಎಸ್. ಎಸ್. ಅಗರವಾಲ್, ಶುಭಾ ಫಡ್ಕೆ ಮೊದಲಾದವರು ರೋಗಿಗಳ ಕ್ಷಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಪರಿಶೀಲಿಸಿ ೧೯೯೪ರಲ್ಲಿ ಪ್ರಕಟಿಸಿದರು. ಇದು ಸಂಧಿವಾತವೇ ಅಲ್ಲ. ಬೆನ್ನುಮೂಳೆ ಮತ್ತು ಉದ್ದಮೂಳೆಗಳ ಬೆಳೆಯುವ ತುದಿಗಳ ಅಸಹಜ ಬೆಳವಣಿಗೆ. ಕೀಲಿನ ಸವೆತ ಅದರ ಪರಿಣಾಮ ಎಂಬ ನಿರ್ಣಯಕ್ಕೆ ಅವರು ಬಂದರು. ರೋಗಿಗಳಲ್ಲಿ ಮೂರು ಬಗೆಗಳನ್ನು ಗುರುತಿಸಲಾಯಿತು: ಎತ್ತರ ಸರಿಯಾಗಿದ್ದು ಸೊಂಟದ ಕೀಲು ಮುಖ್ಯವಾಗಿ ಕೆಡುವವರು, ಸ್ವಲ್ಪ ಗಿಡ್ಡರಾದವರು, ತೀರ ಗಿಡ್ಡರಾಗಿ ಅಂಗಾಂಗಗಳ ಮೂಳೆಯೂ ಕೆಟ್ಟವರು. ಬೇನೆಯು ಪ್ರಬಲ ಜೀನಿನ ಕ್ರಮದಲ್ಲಿ, ಗಂಡು ಹೆಣ್ಣೆಂಬ ಭೇದವಿಲ್ಲದೆ ಇಳಿದುಬರುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲೊಂದು ಪಾಲು.

ಈ ‘ಎರಡರಲ್ಲೊಂದು’ ಎಂಬುದರ ಅರ್ಥವನ್ನು ಸ್ವಲ್ಪ ನಿಧಾನಿಸಿ ನೋಡುವುದು ಮೇಲು. ನಾಲ್ಕು ಮಕ್ಕಳಿರುವ ಇಂಥ ಮನೆಯಲ್ಲಿ ಒಬ್ಬರಿಗೂ ಬಾರದೆ ಇರುವ ಸಂಭವ ಹದಿನಾರರಲ್ಲೊಂದು. ನಾಲ್ವರಿಗೂ ಬರುವ ಸಂಭವವೂ ಅಷ್ಟೇ. ಆದುದರಿಂದ ಒಂದು ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದು ಪಕ್ಕದ ಮನೆಯಲ್ಲಿ ಎಲ್ಲರೂ ಕುಂಟುತ್ತಿರುವುದು ಸಾಧ್ಯ. ಇದನ್ನು ಕಂಡ ನೆರೆಯವರು ದೈವದ ಮುನಿಸೆಂದೂ ಬಂದ ವೈದ್ಯರು ಆಹಾರದ ಭೇದವೆಂದೂ ತಿಳಿದರೆ ತಪ್ಪೆನ್ನಲಾಗದು. ಹಲವು ತಲೆಮಾರುಗಳ ವಂಶಾವಳಿಯನ್ನು ಬರೆದು ಕೂಡಿಸಿದ ಮೇಲೆಯೇ ಈ ಕ್ರಮ ಕಣ್ಣಿಗೆ ಕಾಣುತ್ತದೆ. ಶಾನುಭೋಗರ ಕಡತಗಳಲ್ಲಿ ನೆಲದ ಒಡೆಯರ ವಂಶಾವಳಿಗಳು ಉಳಿದುವು. ನೆಲವಿಲ್ಲದವರ ವಂಶಾವಳಿಯನ್ನು ಬರೆದಿಡಬೇಕೆಂದು ಯಾರಿಗೂ ತೋರಿರಲಿಲ್ಲ. ಈ ಕೂಲಿಕಾರರ ವಂಶವೃಕ್ಷಗಳು ಕಾಗದವನ್ನು ಕಂಡುದು ಅವರ ಬೇನೆಯ ದೆಸೆಯಿಂದ.

ಹೋಲಿಕೆಗಾಗಿ ಹೊರದೇಶಗಳನ್ನೂ ನೋಡಬಹುದು. ದಕ್ಷಿಣ ಆಫ್ರಿಕದ ಜುಲುಲ್ಯಾಂಡಿನ ಉತ್ತರಕ್ಕೆ ಮ್ಸೆಲೆನಿ ಎಂಬಲ್ಲಿ ಸೊಂಟದ ಕೀಲನ್ನು ಕೆಡಿಸುವ ಇಂಥದೇ ಸ್ಥಳೀಯ ರೋಗ ೧೯೭೦ರ ಸುಮಾರಿನಲ್ಲಿ ವರದಿಯಾಯಿತು. ಎರಡೂ ಒಂದೇ ಆಗಿರಬಹುದೇ ಎಂಬ ಪ್ರಶ್ನೆಯನ್ನು ೧೯೯೭ರಲ್ಲಿ ಅಗರವಾಲ್ ಮತ್ತು ದಕ್ಷಿಣ ಆಫ್ರಿಕದ ವಿದ್ವಾಂಸರು ಕೂಡಿ ಚರ್ಚಿಸಿದರು. ಸೈಬೀರಿಯ ಮತ್ತು ಚೀನ ದೇಶಗಳ ಕಾಶಿನ್-ಬೆಕ್ ರೋಗವಾದರೋ ಮಣ್ಣಿನಲ್ಲಿ ಸೆಲೆನಿಯಮ್ ಕೊರತೆಯಿರುವ ಪ್ರದೇಶಗಳೊಡನೆ ಕೂಡಿಕೊಂಡು ಬಂದಿರುವುದು. ಒಂದು ಸೀಮೆಗೆ ಸೀಮಿತವಾದ ಕೀಲುಬೇನೆ ಒಂದೆಡೆ ನೆಲದಿಂದಲೂ ಇನ್ನೊಂದೆಡೆ ವಂಶದಿಂದಲೂ ಬರಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

೬

ಇಷ್ಟಕ್ಕೆ ವೃತ್ತಾಂತ ಮುಗಿಯಿತೆಂದು ಹೇಳಿದರೆ ವಿಜ್ಞಾನದ ಚರಿತ್ರೆ ಮುಗಿದಂತಾಗುತ್ತದೆ. ಜನರ ಚರಿತ್ರೆ ಮುಗಿಯುವುದಿಲ್ಲ. ಎರಡು ಕಾರಣಗಳಲ್ಲಿ ಒಂದೊಂದೂ ಸಮಾಜದಲ್ಲಿ ಮಾಡಿದ ಕೆಲಸವನ್ನು ನೋಡಬೇಕು.

ಬೇನೆಗೆ ಕೀಟನಾಶಕವೇ ಕಾರಣವೆಂದಾಗ ಹೊಣೆ ಹೊರಗಿನದು. ವಿಷ ಮಾರಿದವನು, ಸಿಂಪಡಿಸಿದವನು, ಅದಕ್ಕೆ ಅನುಮತಿ ಕೊಟ್ಟ ಸರ್ಕಾರ ಉತ್ತರ ಹೇಳಬೇಕು. ರೋಗಿ ಆಗ ಅನ್ಯಾಯಕ್ಕೆ ಒಳಗಾದವನು. ಬೇನೆ ವಂಶದ್ದೆಂದಾಗ ಹೊಣೆ ಮೆಲ್ಲನೆ ಮನೆಯೊಳಕ್ಕೆ ಬರುತ್ತದೆ. ಹೆಣ್ಣು ಕೊಡುವವರು ಹಿಂಜರಿಯುತ್ತಾರೆ, ತರುವವರು ವಿಚಾರಿಸುತ್ತಾರೆ, ರೋಗಿಯ ಅಣ್ಣತಮ್ಮಂದಿರು ನೆಟ್ಟಗಿದ್ದರೂ ಶಂಕೆಗೆ ಗುರಿಯಾಗುತ್ತಾರೆ. ಮೊದಲೇ ಜಾತಿಯ ಕಾರಣದಿಂದ ದೂರವಿಟ್ಟವರಿಗೆ ದೂರವಿಡಲು ಇನ್ನೊಂದು ನೆಪ ದೊರೆತಂತಾಗುತ್ತದೆ. ಬೇನೆಗೆ ಗ್ರಾಮದ ಹೆಸರನ್ನಿಟ್ಟುದರಿಂದ ಆ ಗ್ರಾಮದಲ್ಲಿ ಹುಟ್ಟಿದ ಆರೋಗ್ಯವಂತನೂ ತನ್ನ ಊರ ಹೆಸರು ಹೇಳಲು ಅಳುಕುವಂತಾಗುತ್ತದೆ. ನಿಜವಾದ ಕಾರಣ ತಿಳಿದುದು ಲಾಭವೇ ಸರಿ; ಆದರೆ ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಚರಿತ್ರಕಾರ ಮರೆಯಬಾರದು.

ಇಲ್ಲಿ ನಾವು ಒಂದು ಭೇದವನ್ನು ಸ್ಪಷ್ಟಪಡಿಸಬಯಸುತ್ತೇವೆ. ಬೇನೆಯ ಕಾರಣ ಒಂದು. ಬೇನೆಯ ಭಾರ ಇನ್ನೊಂದು. ಕಾರಣವು ಜೀನಿನಲ್ಲಿದೆ. ಭಾರವನ್ನು ನಿರ್ಣಯಿಸುವುದು ಜೀನಲ್ಲ. ಸೊಂಟದ ಕೀಲು ಸವೆದವನು ಕುಳಿತು ಮಾಡುವ ಉದ್ಯೋಗದಲ್ಲಿದ್ದು, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಹಣವುಳ್ಳವನಾದರೆ ಅವನ ಬಾಳು ಒಂದು ಬಗೆ. ನಟ್ಟಿ ಕೊಯ್ಲುಗಳಲ್ಲಿ ಬಗ್ಗಿ ದುಡಿಯದಿದ್ದರೆ ಅಂದಿನ ಗಂಜಿಗೆ ಗತಿಯಿಲ್ಲದವನ ಬಾಳು ಬೇರೊಂದು ಬಗೆ. ಬೇನೆ ಬೆಳಕಿಗೆ ಬಂದ ವರ್ಷಗಳೇ ಈ ಸೀಮೆಯ ಭೂಸಂಬಂಧಗಳು ಅಲುಗಾಡಿದ ವರ್ಷಗಳು ಎಂಬುದು ಇಲ್ಲಿ ಸ್ಮರಣೀಯ. ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾನೂನು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಜೀತಪದ್ಧತಿಯನ್ನು ೧೯೭೫ರ ಸುಗ್ರೀವಾಜ್ಞೆಯೂ ೧೯೭೬ರ ಕಾನೂನೂ ರದ್ದುಮಾಡಿದುವು. ಗೇಣಿದಾರನಿಗೆ ಉಳುವ ನೆಲ ಬಂದಿತು; ಗೇಣಿಯ ಹಕ್ಕೂ ಇಲ್ಲದೆ ಮೈಯನ್ನೇ ಬಂಡವಾಳ ಮಾಡಿಕೊಂಡಿದ್ದ ಕೂಲಿಕಾರನಿಗೆ ಆ ಕಾನೂನಿನಿಂದ ದೊರೆತುದು ಸ್ವಲ್ಪ. ಆ ಬಂಡವಾಳವನ್ನೇ ಮುಕ್ಕಾಗಿಸುವ ಬೇನೆ ಅವನಲ್ಲಿದ್ದರಂತೂ ಹೇಳತೀರದು. ಆನುವಂಶಿಕವೆಂಬ ನಿರ್ಣಯದಿಂದ ಸಮಾಜದ ಹೊಣೆ ತೀರುವುದಿಲ್ಲ. ಕೀಟನಾಶಕದ ಮೇಲಿನ ಆರೋಪ ಈ ಬೇನೆಯ ವಿಚಾರದಲ್ಲಿ ನಿಲ್ಲದಿದ್ದುದರಿಂದ ಎಂಡ್ರಿನ್ ನಿರಪಾಯಕಾರಿ ಎಂದೂ ಆಗುವುದಿಲ್ಲ.

ಧಮನಿಯ ದೃಷ್ಟಾಂತ ಇಲ್ಲಿಯೂ ನೆರವಿಗೆ ಬರುತ್ತದೆ. ಹೃದಯಾಘಾತಕ್ಕೆ ಒಳಗಾದವನ ಧಮನಿಯಲ್ಲಿ ವಂಶದ ಪಾಲೂ ಇದೆ, ಊಟ ಉದ್ಯೋಗಗಳ ಪಾಲೂ ಇದೆ. ಅವನ ತಂದೆಗೂ ಅದೇ ರೋಗವಿದ್ದಿತೆಂದು ತಿಳಿದರೆ ನಾವು ಅವನ ಮನೆತನವನ್ನು ದೂರವಿಡುವುದಿಲ್ಲ; ಮಕ್ಕಳನ್ನು ಬೇಗ ಪರೀಕ್ಷಿಸಿಕೊಳ್ಳಿರೆಂದು ಹೇಳುತ್ತೇವೆ. ಒಂದು ರೋಗದಲ್ಲಿ ವಂಶದ ಅರಿವು ಎಚ್ಚರಕ್ಕೆ ದಾರಿಯಾದರೆ ಇನ್ನೊಂದರಲ್ಲಿ ಅವಮಾನಕ್ಕೆ ದಾರಿಯಾಗುತ್ತದೆ. ಈ ಭೇದಕ್ಕೆ ಕೊಲಾಜನ್ ಕಾರಣವಲ್ಲ, ಜೀನೂ ಕಾರಣವಲ್ಲ. ರೋಗಿ ಯಾರು ಎಂಬುದು ಕಾರಣ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಲೇಜುಗಳಲ್ಲಿ ಓದುವ, ಕಲಿಸುವ ನಮ್ಮ ಓದುಗರಲ್ಲಿ ಒಂದು ವಿಜ್ಞಾಪನೆಯೊಡನೆ ಈ ಲೇಖನವನ್ನು ಮುಗಿಸುತ್ತೇವೆ. ಈ ಬೇನೆಯ ವೈದ್ಯಕೀಯ ವರದಿಗಳು ಇಂಗ್ಲಿಷಿನಲ್ಲಿ ಅಚ್ಚಾಗಿವೆ. ಬೇನೆಯನ್ನು ಅನುಭವಿಸಿದವರ ಮಾತುಗಳು ಕನ್ನಡದಲ್ಲಿವೆ. ಅವು ಅಚ್ಚಾಗುವುದು ಬಾಕಿಯಿದೆ. ಅಜ್ಜನ ಕಾಲದಲ್ಲಿ ಈ ನೋವನ್ನು ಏನೆಂದು ಕರೆಯುತ್ತಿದ್ದರು, ಗದ್ದೆಗೆ ಔಷಧಿ ಹೊಡೆಯುವ ಮುಂಚೆ ಕೇರಿಯಲ್ಲಿ ಕುಂಟುವವರಿದ್ದರೆ, ನಡೆಯಲಾರದವನ ಪಾಲಿನ ಕೆಲಸವನ್ನು ಯಾರು ಮಾಡುತ್ತಿದ್ದರು, ಇವನ್ನು ಬಲ್ಲ ಹಿರಿಯರು ದಿನೇದಿನೇ ಕಡಮೆಯಾಗುತ್ತಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ, ಆ ನೆನಪುಗಳನ್ನು ಬರೆದಿಟ್ಟರೆ ಅದು ಚರಿತ್ರೆಗೆ ಸಲ್ಲುವ ಕೆಲಸ. ಎರಡನೆಯ ಪ್ರಶ್ನೆಯನ್ನು ೧೯೭೫ರಲ್ಲಿಯೇ ಮುದುಕರೊಡನೆ ಕುಳಿತು ಕೇಳಿ ಬರೆದಿಟ್ಟಿದ್ದರೆ, ವಿಷದ ಊಹೆಯನ್ನು ಅಳೆದು ನೋಡಲು ಕ್ಷಕಿರಣ ಯಂತ್ರಕ್ಕಾಗಿ ಕಾಯಬೇಕಾಗಿರಲಿಲ್ಲ.